ಎರಡನೇ ಸಾಲಿನವರು

ಯಾವ ಹಾಡಿನ ಮೊದಲ ಸಾಲೂ ಅವರ ಬಾಯಿಗೆ ಬರುತ್ತಿರಲಿಲ್ಲ. ಎರಡನೆಯದು ಮಾತ್ರ ಕಲ್ಲಿನಲ್ಲಿ ಕೆತ್ತಿದ ಹಾಗೆ ನೆನಪಿರುತ್ತಿತ್ತು. ಕಚೇರಿಯ ಯಂತ್ರಗಳ ಮುಂದೆ ಮಂಡಿಯೂರಿ ಕೂತು, ಕೇಬಲ್ ಸಿಕ್ಕಿಸುತ್ತ ಗುನುಗಿದರೆ ಎರಡನೇ ಸಾಲಿನಿಂದಲೇ ಶುರು. “ಇದಕ್ಕೆ ಮುಂಚೆ ಏನು ಬರುತ್ತೆ ಸಾರ್?” ಅಂತ ಕೇಳಿದರೆ “ಅದು ನನ್ನ ಪಾಲಿಂದಲ್ಲ ಕಣಮ್ಮ” ಅಂದು ತಲೆ ಬಗ್ಗಿಸಿ ಕೆಲಸ ಮುಂದುವರಿಸುತ್ತಿದ್ದರು. ಹಾಗಾಗಿ ಅವರಿಗೆ ‘ಎರಡನೇ ಸಾಲು’ ಅಂತಲೇ ಹೆಸರು ಬಿತ್ತು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು ನಿಜ, ಆದರೆ ಆ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುತ್ತಿರಲಿಲ್ಲ.

ವಿಶ್ವವಿದ್ಯಾಲಯದ ನೆಟ್‌ವರ್ಕ್ ವಿಭಾಗದಲ್ಲಿ ಹದಿನೆಂಟು ವರ್ಷ ನಾನು ಅವರ ಕೈಕೆಳಗೆ ಕೆಲಸ ಮಾಡಿದೆ. ಅವರು ನಿವೃತ್ತರಾಗಿ ಈಗ ಆರು ವರ್ಷ. ನಮ್ಮ ಯಂತ್ರದ ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿ ಇಲ್ಲ, ಬೇಸಿಗೆಯಲ್ಲೂ ಚಳಿ, ನೂರಾರು ಪುಟ್ಟ ಫ್ಯಾನುಗಳು ಒಟ್ಟಿಗೆ ಭೋರೆನ್ನುತ್ತಿದ್ದವು. ಪಕ್ಕದಲ್ಲಿ ನಿಂತವರ ಹತ್ತಿರವೂ ಕಿರುಚಿಯೇ ಮಾತಾಡಬೇಕು. ಆ ಅಭ್ಯಾಸ ಮನೆಗೂ ಬಂದು, ನಾನು ಉಪ್ಪು ಕೇಳಿದರೆ ಪಕ್ಕದ ಬೀದಿಯವರು ತಂದುಕೊಡುತ್ತಾರೆ ಅಂತ ನನ್ನ ಗಂಡ ಈಗಲೂ ಹಂಗಿಸುತ್ತಾರೆ. ಎರಡನೇ ಸಾಲಿನವರು ವರ್ಷವಿಡೀ ಅತ್ತಿಗೆ ಹೆಣೆದುಕೊಟ್ಟ ಕಂದು ಬಣ್ಣದ ಸ್ವೆಟರ್ ತೊಟ್ಟಿರುತ್ತಿದ್ದರು. ಅತ್ತಿಗೆ ಅಂದರೆ ಅವರ ಹೆಂಡತಿ. ದಿನಾ ಮಧ್ಯಾಹ್ನ ನನಗೆ ಫೋನ್ ಮಾಡುತ್ತಿದ್ದರು: “ಊಟ ಮಾಡಿದ್ರಾ ನೋಡಿ ಹೇಳಮ್ಮ. ಅವರನ್ನೇ ಕೇಳಿದ್ರೆ ಆಯ್ತು ಅಂತಾರೆ, ಡಬ್ಬಿ ಹಾಗೇ ವಾಪಸ್ ಬರುತ್ತೆ.”

ಕೆಲಸಕ್ಕೆ ಸೇರಿದ ಮೊದಲ ದಿನ ಅವರು ನನ್ನನ್ನು ಒಂದು ಪರದೆಯ ಮುಂದೆ ಕೂರಿಸಿ ಪಿಂಗ್ ಮಾಡುವುದನ್ನು ಹೇಳಿಕೊಟ್ಟರು. ನನಗೆ ಅದು ಕಾಲೇಜಿನಲ್ಲೇ ಗೊತ್ತಿತ್ತು. ಗೊತ್ತು ಅಂತ ಹೇಳಲು ಬಾಯಿ ತೆರೆದೆ, ಅವರು ಬಿಡಲಿಲ್ಲ.

“ಈ ಕಡೆಯಿಂದ ನಾವು ‘ಇದೀಯಾ’ ಅಂತ ಕೇಳ್ತೀವಿ. ಆ ಕಡೆಯ ಯಂತ್ರ ‘ಇದೀನಿ’ ಅನ್ನಬೇಕು. ಇಷ್ಟೇ ನಮ್ಮ ವಿದ್ಯೆ, ಮಿಕ್ಕದ್ದೆಲ್ಲ ಅಲಂಕಾರ.”

“ಉತ್ತರ ಬರದಿದ್ರೆ ಯಂತ್ರ ಸತ್ತಿದೆ ಅಂತ ತಾನೇ ಸಾರ್?”

“ಹಾಗೆ ಬರೆದೀಯ ಮತ್ತೆ. ದಾರೀಲಿ ಯಾರೋ ತಡೆದಿರ್ತಾರೆ, ಮೊದಲು ಅದನ್ನ ನೋಡು. ಎದ್ದು ಹೋಗಿ ಕೈಯಿಂದ ಮುಟ್ಟಿ ನೋಡೋವರೆಗೂ ಯಾವುದೂ ಸತ್ತಿಲ್ಲ.”

ಅವರು ಹೇಳಿದ್ದನ್ನೇ ಮಾಡುತ್ತಿದ್ದರು. ಎಲ್ಲೋ ಮೂಲೆಯ ಕಟ್ಟಡದ ಒಂದು ಪೆಟ್ಟಿಗೆ ಉತ್ತರ ಕೊಡದಿದ್ದರೆ ಕ್ಯಾನ್ವಾಸ್ ಚೀಲ ಹೆಗಲಿಗೇರಿಸಿ ನಡೆದೇ ಹೋಗುತ್ತಿದ್ದರು. ಸಾಮಾನ್ಯವಾಗಿ ಯಾರೋ ಗುಡಿಸುವಾಗ ಕೇಬಲ್ ಎಳೆದಿರುತ್ತಿದ್ದರು, ಇಲ್ಲ ಬೀರು ಸರಿಸುವಾಗ ಜಜ್ಜಿರುತ್ತಿದ್ದರು. ವಾಪಸ್ ಬಂದು “ಇತ್ತು ಕಣಮ್ಮ, ಪಾಪ, ಕೂಗ್ತಾನೇ ಇತ್ತು, ಇಲ್ಲಿಗೆ ಕೇಳಿಸ್ತಿರಲಿಲ್ಲ ಅಷ್ಟೇ” ಅನ್ನುತ್ತಿದ್ದರು. ಯಂತ್ರದ ಬಗ್ಗೆ ಪಾಪ ಅನ್ನುವವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆಗ ಪಟ್ಟಣದ ನೆಟ್‌ವರ್ಕ್ ನೋಡಿಕೊಳ್ಳುವವರೆಲ್ಲ ಸೇರಿ ಒಂದು ಮೇಲಿಂಗ್ ಲಿಸ್ಟ್ ಮಾಡಿಕೊಂಡಿದ್ದೆವು. ಒಬ್ಬರು ಮೇಲ್ ಬರೆದರೆ ಅದು ಗುಂಪಿನ ನಲವತ್ತೂ ಜನರಿಗೆ ಹೋಗುತ್ತಿತ್ತು. ಎಲ್ಲಿ ರಸ್ತೆ ಅಗೆದು ಕೇಬಲ್ ಕಡಿದಿದ್ದಾರೆ, ಯಾವ ಯಂತ್ರ ಕೈಕೊಡುತ್ತಿದೆ ಅಂತ ಒಬ್ಬರಿಗೊಬ್ಬರು ತಿಳಿಸುವುದು ಅದರ ಉದ್ದೇಶ. ಉದ್ದೇಶ ಅಂತ ಹೇಳಿದೆನಲ್ಲ, ಅದು ಉದ್ದೇಶವಾಗಿಯೇ ಉಳಿಯಿತು. ನಡೆಯುತ್ತಿದ್ದುದು ಹಾಡಿನ ಹರಟೆ.

ಒಂದು ದಿನದ ಕಥೆ ಹೇಳಿದರೆ ಸಾಕು. ದೊಡ್ಡಾಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಅಡ್ಮಿನ್ ಒಬ್ಬನಿದ್ದ, ಮಹಾ ಕಿಡಿಗೇಡಿ. ಎಕ್ಸ್‌ರೇ ವಿಭಾಗದ ಕಂಪ್ಯೂಟರುಗಳನ್ನು ಜೋಡಿಸುವ ಸ್ವಿಚ್ ಪೆಟ್ಟಿಗೆ ಬೆಳಿಗ್ಗೆಯಿಂದ ಮೂರು ಸಲ ಬಿದ್ದು ಎದ್ದಿದೆ, ಯಾರಿಗಾದರೂ ಹೀಗಾಗಿದೆಯೇ ಅಂತ ಬರೆದ. ಎರಡನೇ ಸಾಲಿನವರು ಅದಕ್ಕೆ ಕರೆಂಟ್ ಕೊಡುವ ಭಾಗ ಬದಲಿಸಲು ಸರಿಯಾದ ಸಲಹೆ ಕೊಟ್ಟು, ಕೆಳಗೆ ಬರೆದರು: “ಬಿದ್ದರೂ ಎದ್ದರೂ ನಿನ್ನದೇ ಹಾದಿ. ಮೊದಲ ಸಾಲು ಹೇಳಿ.” ಐದು ನಿಮಿಷಕ್ಕೆ ಕೇಂದ್ರ ಗ್ರಂಥಾಲಯದ ಅಡ್ಮಿನ್, ಎಲ್ಲ ಹಾಡೂ ಬಲ್ಲಾಕೆ, “ನಡೆದರೂ ನಿಂತರೂ ನಿನ್ನದೇ ನೆನಪು” ಅಂತ ಜೋಡಿಸಿದಳು. ಆಸ್ಪತ್ರೆಯವನು ಒಪ್ಪಲಿಲ್ಲ: “ಅಲ್ಲ ಮೇಡಂ, ‘ಸ್ವಿಚ್ಚೇ ಸತ್ತರೂ ಸಾಹೇಬರು ಬಿಡರು’.” ಅಲ್ಲಿಂದ ಮೂವತ್ತು ಮೇಲ್. ಗ್ರಂಥಾಲಯದಾಕೆ ಒಂದು ಗುಟ್ಟನ್ನೂ ಬಿಚ್ಚಿಟ್ಟಳು. ‘ಕಾದು ಕುಳಿತ ಕಣ್ಣು’ ಎಂಬುದನ್ನು ಚಿಕ್ಕಂದಿನಿಂದ ‘ಕಾದು ಕುಳಿತ ಹಣ್ಣು’ ಅಂತ ಹಾಡಿಕೊಂಡು ಬಂದಿದ್ದಳಂತೆ. “ಹಣ್ಣು ಯಾಕೆ ಕಾಯುತ್ತೆ ಅಂತ ನನಗೂ ಅನುಮಾನವಿತ್ತು, ಕವಿಗಳು ಬರೆದದ್ದಲ್ಲವೇ ಅಂತ ಸುಮ್ಮನಿದ್ದೆ.” ಆಮೇಲೆ ಒಂದು ವರ್ಷ ಅವಳನ್ನು ಯಾರೂ ನೆಮ್ಮದಿಯಾಗಿ ಇರಲು ಬಿಡಲಿಲ್ಲ.

ನನಗೆ ಇದನ್ನೆಲ್ಲ ಕಂಡರೆ ಮೈ ಉರಿಯುತ್ತಿತ್ತು. ಆ ಲಿಸ್ಟನ್ನು ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಕಟ್ಟಿದ್ದರು. ನಮ್ಮ ಫೈರ್‌ವಾಲ್ ಕೂಡ, ಅಂದರೆ ಹೊರಗಿನವರು ನಮ್ಮ ಜಾಲಕ್ಕೆ ನುಗ್ಗದಂತೆ ಹಾಕುವ ಬೇಲಿ, ನನ್ನದೇ ಜವಾಬ್ದಾರಿಯಾದ್ದರಿಂದ ಎಲ್ಲರೂ ನನ್ನನ್ನು ‘ತಡೆಗೋಡೆ’ ಅಂತ ಕರೆಯುತ್ತಿದ್ದರು. ನಾನು ಆ ಹೆಸರಿಗೆ ಹೆಮ್ಮೆಪಟ್ಟುಕೊಂಡಿದ್ದೆ ಕೂಡ. ಹಾಡಿನ ಮೇಲ್‌ಗಳಿಗೆಲ್ಲ ತಲೆಬರಹದಲ್ಲಿ ‘ವಿಷಯಾಂತರ’ ಎಂಬ ಪದ ಹಾಕಲೇಬೇಕು ಅಂತ ನಾನು ಕಟ್ಟಾಜ್ಞೆ ಹೊರಡಿಸಿದೆ. ವಿಧೇಯರಾಗಿ ಎಲ್ಲರೂ ಹಾಕಿದರು. ತಿಂಗಳ ಕೊನೆಗೆ ಎಣಿಸಿದರೆ ಮುನ್ನೂರು ಮೇಲ್‌ನಲ್ಲಿ ಇನ್ನೂರ ಎಪ್ಪತ್ತು ವಿಷಯಾಂತರ.

ಈಗ ಆ ಲಿಸ್ಟ್ ಇಲ್ಲ. ಎಲ್ಲರ ಕೈಯಲ್ಲೂ ಫೋನಿದೆ, ಫೋನಿನಲ್ಲಿ ಗುಂಪಿದೆ, ಗುಂಪಿನಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರ ಬರುತ್ತದೆ. ಯಾರೂ ಒಂದು ಸಾಲನ್ನು ಕೂತು ಬರೆಯುವುದಿಲ್ಲ. ಆ ಇನ್ನೂರ ಎಪ್ಪತ್ತು ಮೇಲ್‌ಗಳಿಗಾಗಿ ನಾನು ಇವತ್ತು ಹಂಬಲಿಸುತ್ತೇನೆ ಅಂತ ಅಂದು ಯಾರಾದರೂ ಹೇಳಿದ್ದರೆ ಅವರ ಎದುರಿಗೇ ನಗುತ್ತಿದ್ದೆ.

ವರ್ಷಕ್ಕೊಂದು ಸಲ, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ, ಎರಡನೇ ಸಾಲಿನವರಿಂದ ಒಂದು ಮೇಲ್ ಬರುತ್ತಿತ್ತು. ಅದರಲ್ಲಿ ಒಂದೇ ಸಾಲು, ಮುಂದೆ ಹಿಂದೆ ಏನೂ ಇಲ್ಲ:

ಅಗುಳಿ ಹಾಕಿಲ್ಲ, ದೀಪ ಆರಿಲ್ಲ, ಮೆಲ್ಲಗೆ ಬಾ ಒಳಗೆ.

ಮೊದಲ ವರ್ಷ ಗ್ರಂಥಾಲಯದಾಕೆ ತಲೆ ಕೆರೆದುಕೊಂಡಳು. ಹಳೆಯ ಹಾಡಿನ ಪುಸ್ತಕ, ರೇಡಿಯೋ ಪಟ್ಟಿ, ಗ್ರಾಮಫೋನ್ ತಟ್ಟೆಗಳ ಲಕೋಟೆ ಎಲ್ಲ ಜಾಲಾಡಿದಳು, ಸಿಗಲಿಲ್ಲ. ಆಸ್ಪತ್ರೆಯವನು ಬರೆದ: “ಇದು ಹಾಡಲ್ಲ ಸಾರ್, ನಿಮ್ಮ ತಡೆಗೋಡೆ ಮೇಡಮ್ಮಿನ ಫೈರ್‌ವಾಲ್ ಪರಿಸ್ಥಿತಿ.” ಇನ್ನೊಬ್ಬರು “ಕಳ್ಳರಿಗೆ ಬರೆದ ಸ್ವಾಗತಗೀತೆ” ಅಂದರು. ನಾನು ಮೂರು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದೆ. ಎರಡನೇ ಸಾಲಿನವರು ಎಲ್ಲರ ತಮಾಷೆಗೂ ನಕ್ಕರು, ಮಾತು ಬೆಳೆಸಲಿಲ್ಲ. “ಹುಡುಕಬೇಡಿ ಬಿಡಿ, ಗೊತ್ತಿರೋರು ಹೇಳ್ತಾರೆ” ಅಂದರು. ಮರುವರ್ಷ ಅದೇ ತಾರೀಖಿಗೆ ಮತ್ತೆ ಅದೇ ಸಾಲು. ಅದರ ಮರುವರ್ಷವೂ ಅದೇ. ಅದು ನಮ್ಮ ಲಿಸ್ಟಿನ ವಾರ್ಷಿಕ ನಗೆಹಬ್ಬವಾಗಿಬಿಟ್ಟಿತು.

ನಮ್ಮ ಮೇಲ್‌ಗಳ ಕಡತ ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಓದುವಂತೆ ತೆರೆದಿತ್ತು. ವಿಭಾಗದ ಮುಖ್ಯಸ್ಥರು, ನಾವು ದೊಡ್ಡ ಸಾಹೇಬರು ಅನ್ನುತ್ತಿದ್ದವರು, ಒಮ್ಮೆ ಸಭೆಯಲ್ಲಿ ಅದನ್ನು ಮುಚ್ಚಿಸಬೇಕು ಅಂದರು. “ಇದು ಕಚೇರಿಯೋ ಆರ್ಕೆಸ್ಟ್ರಾನೋ ಅಂತ ಹೊರಗಿನವರು ಕೇಳ್ತಾರೆ.” ನಾನು ಹೌದು ಹೌದು ಅಂತ ತಲೆಯಾಡಿಸಿದೆ. ಆಗ ಎರಡನೇ ಸಾಲಿನವರು ಎದ್ದು ನಿಂತರು. “ಮುಚ್ಚೋದಾದ್ರೆ ನನ್ನ ರಾಜೀನಾಮೆ ಬರೆಸಿಕೊಂಡು ಮುಚ್ಚಿ” ಅಂದರು. ಫ್ಯಾನಿನ ಸದ್ದಿಲ್ಲದ ಕಡೆ ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹಾಡಿನ ಹರಟೆಗೆ ಇಷ್ಟು ಹಟವೇ ಅಂತ ನನಗೆ ಒಳಗೊಳಗೇ ಸಿಟ್ಟು ಬಂತು. ಕಡತ ತೆರೆದೇ ಉಳಿಯಿತು.

ತೆರೆದಿದ್ದರ ಫಲ ಮಾತ್ರ ನಾನು ಅನುಭವಿಸಬೇಕಾಯಿತು. ಕಸದ ಮೇಲ್ ಕಳಿಸುವ ಖದೀಮರು ಕಡತದಿಂದ ನಮ್ಮ ತಲೆಬರಹಗಳನ್ನೇ ಕದ್ದು, ‘ವಿಷಯಾಂತರ’ ಅಂತ ಹಾಕಿ, ಕೂದಲು ಬೆಳೆಯುವ ಔಷಧಿ, ನಕಲಿ ಗಡಿಯಾರದ ಜಾಹೀರಾತು ಕಳಿಸಲು ಶುರು ಮಾಡಿದರು. ಒಂದು ಮಧ್ಯಾಹ್ನ ತಾಳ್ಮೆ ಕೆಟ್ಟು ಒಂದು ನಿಯಮ ಬರೆದೆ. ಗುಂಪಿನಲ್ಲಿಲ್ಲದವರು ‘ವಿಷಯಾಂತರ’ ಎಂದು ಬರೆದ ಮೇಲ್ ಯಾರಿಗೂ ಹೋಗಕೂಡದು, ಪಕ್ಕಕ್ಕೆ ಒಂದು ರಾಶಿಯಲ್ಲಿ ಬಿದ್ದಿರಬೇಕು, ಕಳಿಸಿದವರಿಗೂ ಏನೂ ತಿಳಿಯಬಾರದು. ಹಾಗೆ ತಡೆದಾಗಲೆಲ್ಲ ನನಗೊಂದು ಸೂಚನೆ ಬರುತ್ತಿತ್ತು, ದಿನಕ್ಕೆ ಹತ್ತಿಪ್ಪತ್ತು. ಕಾಟ ತಾಳಲಾರದೆ ಆ ಸೂಚನೆಯನ್ನೂ ನಿಲ್ಲಿಸಿದೆ. ರಾಶಿಯನ್ನು ವಾರಕ್ಕೊಮ್ಮೆ ತೆರೆದು ನೋಡಬೇಕು ಅಂತ ಗೋಡೆಯ ಮೇಲೆ ಚೀಟಿ ಅಂಟಿಸಿದೆ. ಎರಡು ವಾರ ನೋಡಿದೆ. ಚೀಟಿ ಇನ್ನೂ ಬಹಳ ಕಾಲ ಅಲ್ಲೇ ಇತ್ತು.

ಹನ್ನೊಂದು ವರ್ಷ ಹಾಗೆ ಕಳೆಯಿತು. ಎರಡನೇ ಸಾಲಿನವರಿಗೆ ಅರವತ್ತು ತುಂಬಿತು. ಅವರು ನಿವೃತ್ತರಾಗುವ ತಿಂಗಳಲ್ಲೇ ನಮ್ಮ ಹಳೆಯ ಮೇಲ್ ಯಂತ್ರವನ್ನೂ ಆರಿಸಬೇಕು ಅಂತ ಆದೇಶ ಬಂತು. “ನಾನೂ ಅದೂ ಜೊತೆಗೇ ಬಂದ್ವಿ, ಜೊತೆಗೇ ಹೋಗ್ತೀವಿ” ಅಂತ ನಕ್ಕರು. ಅದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸುವ ಕೆಲಸ ನನ್ನದು. ತಡೆದಿಟ್ಟ ರಾಶಿಯನ್ನು ಕಂಡು ನನಗೇ ನಾಚಿಕೆಯಾಯಿತು. ಅರವತ್ತೊಂದು ಸಾವಿರ ಚಿಲ್ಲರೆ ಮೇಲ್.

“ಒಂದೇ ಏಟಿಗೆ ಅಳಿಸಿಬಿಡ್ತೀನಿ ಸಾರ್.”

“ಎಸೆಯೋ ಮುಂಚೆ ಒಂದ್ಸಲ ಕಣ್ಣಾಡಿಸಮ್ಮ” ಅಂದರು ಅವರು, ತಮ್ಮ ಗುಂಡಗಿನ ಅಕ್ಷರದಲ್ಲಿ ಕೇಬಲ್‌ಗಳಿಗೆ ಚೀಟಿ ಬರೆಯುತ್ತ. ತಾವು ಹೋದ ಮೇಲೆ ಯಾವ ತಂತಿ ಎಲ್ಲಿಗೆ ಹೋಗುತ್ತದೆ ಅಂತ ನಾವು ಪರದಾಡಬಾರದು ಅಂತ ಕೊನೆಯ ವಾರವೆಲ್ಲ ಅದೇ ಕೆಲಸ ಮಾಡಿದರು.

ಅರವತ್ತು ಸಾವಿರವನ್ನು ಯಾರು ಓದುತ್ತಾರೆ. ಕಸವೆಲ್ಲ ಬೇರೆ ಭಾಷೆಯಲ್ಲೇ ಇರುತ್ತದೆ, ಒಳಗೆ ಕನ್ನಡ ಅಕ್ಷರವಿರುವ ಮೇಲ್‌ಗಳನ್ನು ಮಾತ್ರ ತೆಗೆದುಕೊಡು ಅಂತ ಯಂತ್ರಕ್ಕೆ ಹೇಳಿದೆ. ಹದಿನಾಲ್ಕು ಬಂದವು, ಎಲ್ಲವೂ ಕಡತದ ಹಾಡಿನ ಮೇಲ್‌ಗೆ ಉತ್ತರವಾಗಿ ಬರೆದವು, ಹಾಗಾಗಿ ‘ವಿಷಯಾಂತರ’ ತಾನಾಗಿಯೇ ತಲೆಬರಹಕ್ಕೆ ಬಂದಿತ್ತು. ಹನ್ನೆರಡು ಜನ ಗುಂಪಿಗೆ ಸೇರಿಸಿಕೊಳ್ಳಿ ಅಂತ ಕೇಳಿದ್ದರು, ಪಾಪ. ಉಳಿದ ಎರಡು ಒಬ್ಬರೇ ಬರೆದವು, ಒಂಬತ್ತು ವರ್ಷದ ಹಿಂದೆ.

“ನಮಸ್ಕಾರ. ನಾನು ನಿಮ್ಮ ಗುಂಪಿನವಳಲ್ಲ, ಕ್ಷಮಿಸಿ. ನಮ್ಮಮ್ಮ ಕೆಲಸ ಮಾಡುತ್ತ ಒಂದು ಹಾಡಿನ ಮೊದಲ ಸಾಲು ಮಾತ್ರ ಹಾಡುತ್ತಾರೆ: ‘ಹಿತ್ತಲ ಗೇಟಲಿ ನಿಂತಿಹ ಗಾಳಿಯೆ, ಬರಲು ಅಂಜಿಕೆಯೆ ನಿನಗೆ.’ ಎರಡನೇ ಸಾಲು ಕೇಳಿದರೆ ಅದು ನನ್ನದಲ್ಲ ಅನ್ನುತ್ತಾರೆ. ಒಂದೇ ಒಂದು ಸಲ, ಹಾಡದೆ, ಬರೀ ಮಾತಿನಲ್ಲಿ ಹೇಳಿದ್ದರು. ಇವತ್ತು ಸುಮ್ಮನೆ ಅದನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ನಿಮ್ಮ ಕಡತ ಸಿಕ್ಕಿತು. ಈ ಹಾಡು ಯಾವ ಪುಸ್ತಕದ್ದೂ ಅಲ್ಲ, ಅಮ್ಮನೇ ಕಟ್ಟಿದ್ದು. ಅವರನ್ನು ಬಿಟ್ಟರೆ ಇನ್ನೊಬ್ಬರಿಗೆ ಮಾತ್ರ ಗೊತ್ತಂತೆ. ಕಡತದಲ್ಲಿ ‘ಎರಡನೇ ಸಾಲು’ ಅಂತ ಮಾತ್ರ ಹೆಸರಿದೆ, ಅದನ್ನು ಬರೆದವರು ಯಾರು? ದಯವಿಟ್ಟು ತಿಳಿಸಿ.” ಕೆಳಗೆ ಒಂದು ಫೋನ್ ನಂಬರ್.

ಎರಡನೆಯದು ತಿಂಗಳ ನಂತರದ್ದು. “ಉತ್ತರ ಬರಲಿಲ್ಲ. ದಿನಾ ನೋಡುತ್ತಿದ್ದೆವು. ಉತ್ತರ ಬರದಿದ್ದರೆ ಗೇಟಿನಿಂದಲೇ ಹಿಂದಿರುಗಬೇಕು, ಅದೇ ನಮ್ಮ ಕರಾರು ಅಂತ ಅಮ್ಮ ಹೇಳಿದರು. ಇನ್ನು ತೊಂದರೆ ಕೊಡುವುದಿಲ್ಲ.”

ಕರಾರು ಏನು ಅಂತ ನನಗೆ ಅರ್ಥವಾಗಲಿಲ್ಲ. ಆದರೆ ಯಾರೋ ಯಾರನ್ನೋ ಕೂಗಿದ್ದಾರೆ, ನಡುವೆ ನಾನು ನಿಂತಿದ್ದೇನೆ ಅನ್ನುವುದು ಅರ್ಥವಾಯಿತು. ನಿಜ ಹೇಳುತ್ತೇನೆ, ಅಳಿಸಿಬಿಡೋಣ ಅಂತಲೂ ಅನ್ನಿಸಿತು. ಒಂದು ಗುಂಡಿ ಒತ್ತಿದ್ದರೆ ಲೋಕದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ನಂಬರಿಗೆ ನಾನೇ ಫೋನ್ ಮಾಡಿ, ಆ ತಾಯಿ ಇದ್ದಾರೋ ಇಲ್ಲವೋ ತಿಳಿದುಕೊಂಡು ಆಮೇಲೆ ಇವರಿಗೆ ಹೇಳೋಣ ಅಂತಲೂ ಯೋಚಿಸಿದೆ. ಅದು ನನ್ನ ಪಾಲಿನ ಕರೆಯಲ್ಲ ಅನ್ನಿಸಿ ಫೋನ್ ಕೆಳಗಿಟ್ಟೆ. ಎರಡನ್ನೂ ಕಾಗದದ ಮೇಲೆ ತೆಗೆದುಕೊಂಡು ಯಂತ್ರದ ಕೋಣೆಗೆ ಇಳಿದೆ. ಬೆಳಿಗ್ಗೆ ಹನ್ನೊಂದು ಗಂಟೆಯಿರಬೇಕು. ಅವರು ಕೊನೆಯ ಸಾಲಿನ ಯಂತ್ರಗಳ ಹಿಂದೆ ಚೀಟಿ ಅಂಟಿಸುತ್ತ ಕೂತಿದ್ದರು.

“ಸಾರ್, ನಿಮ್ಮ ಹಾಡಿನ ಮೊದಲ ಸಾಲು ಸಿಕ್ಕಿತು.”

ಕಾಗದಕ್ಕೆ ಕೈ ಚಾಚಲಿಲ್ಲ. ತಂತಿಗಳ ಕಡೆಗೇ ಮುಖ ಮಾಡಿ, ಹಿತ್ತಲ ಗೇಟಲಿ ನಿಂತಿಹ ಗಾಳಿಯೆ, ಬರಲು ಅಂಜಿಕೆಯೆ ನಿನಗೆ, ಅಂತ ಪೂರ್ತಿ ಹೇಳಿದರು.

“ನಿಮಗೆ ಗೊತ್ತಿತ್ತಾ? ಮತ್ತೆ ಇಷ್ಟು ವರ್ಷ ನಮ್ಮನ್ನೆಲ್ಲ ಕೇಳ್ತಿದ್ರಲ್ಲ?”

“ನಾನೆಲ್ಲಿ ಕೇಳಿದೆ? ಮಿಕ್ಕ ಹಾಡಿಗೆಲ್ಲ ‘ಮೊದಲ ಸಾಲು ಹೇಳಿ’ ಅಂತ ಬರೀತಿದ್ದೆ. ಇದಕ್ಕೆ ಯಾವತ್ತಾದ್ರೂ ಬರೆದಿದೀನಾ, ತೆಗೆದು ನೋಡು.”

ಬರೆದಿರಲಿಲ್ಲ. ಬರೀ ಒಂದು ಸಾಲು, ಮುಂದೆ ಹಿಂದೆ ಏನೂ ಇಲ್ಲ.

“ನಾನು ಉತ್ತರ ಕೊಡ್ತಿದ್ದೆ ಕಣಮ್ಮ” ಅಂದರು. ಆಮೇಲೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು. “ಮೊದಲ ಸಾಲು ನಿನಗೆ ಯಾರು ಹೇಳಿದರು?”

ಕಾಗದ ಕೊಟ್ಟೆ. ಓದಿದರು. ಎರಡನೆಯದನ್ನೂ ಓದಿದರು. ಕನ್ನಡಕ ತೆಗೆದು ಸ್ವೆಟರಿನ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ಮೇಲಿನ ತಾರೀಖು ನೋಡಿದರು. ಯಂತ್ರ ಬಂದ ಖಾಲಿ ಪೆಟ್ಟಿಗೆಯೊಂದು ಅಲ್ಲಿತ್ತು, ಅದರ ಮೇಲೆ ಕೂತರು.

“ನಿಯಮ ನಂದು ಸಾರ್. ನಾನೇ ತಡೆದದ್ದು. ತಪ್ಪಾಯ್ತು.” ಫ್ಯಾನಿನ ಸದ್ದಿನಲ್ಲಿ ಅದನ್ನೂ ಕಿರುಚಿಯೇ ಹೇಳಬೇಕಾಯಿತು. ಕ್ಷಮೆಯನ್ನು ಕಿರುಚಿ ಕೇಳುವ ಅವಸ್ಥೆ ಯಾರಿಗೂ ಬೇಡ.

“ನಿಂದು ಎರಡನೇ ತಪ್ಪು” ಅಂದರು. “ಮೊದಲನೇದು ನಂದು.”

ಆ ಪೆಟ್ಟಿಗೆಯ ಮೇಲೆ ಕೂತೇ ಹೇಳಿದರು. ಅವರಿಗೆ ಎಂಟು ವರ್ಷ ದೊಡ್ಡವಳಾದ ಅಕ್ಕ ಇದ್ದಳು. ತಾಯಿ ಬೇಗ ತೀರಿಕೊಂಡಿದ್ದರಿಂದ ಇವರನ್ನು ಎತ್ತಿ ಆಡಿಸಿ, ಓದಿಸಿ, ಮೂಗು ಒರೆಸಿ ಬೆಳೆಸಿದವಳು ಅವಳೇ. ಹದಿನೆಂಟಕ್ಕೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದ್ದಳು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಒಬ್ಬರ ಕರೆಯನ್ನು ಇನ್ನೊಬ್ಬರಿಗೆ ಜೋಡಿಸುವ ಕೆಲಸ. ಒಮ್ಮೊಮ್ಮೆ ಬರುವುದು ತಡವಾಗುತ್ತಿತ್ತು. ಅಪ್ಪ ಶಾಲೆಯ ಮೇಷ್ಟ್ರು, ಮಹಾ ಮುಂಗೋಪಿ. ಐದು ನಿಮಿಷ ತಡವಾದರೂ ಅಡುಗೆಮನೆಯಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಅದಕ್ಕೆ ಅಕ್ಕ ತಮ್ಮ ಒಂದು ಉಪಾಯ ಮಾಡಿಕೊಂಡರು. ಅವಳು ಹಿತ್ತಲ ಗೇಟಿನಲ್ಲಿ ನಿಂತು ಸಣ್ಣ ದನಿಯಲ್ಲಿ ಮೊದಲ ಸಾಲು ಹಾಡಬೇಕು. ಅಪ್ಪ ಅಡುಗೆಮನೆಯಲ್ಲಿ ಇಲ್ಲದಿದ್ದರೆ ಇವರು ಒಳಗಿನಿಂದ ಎರಡನೇ ಸಾಲು ಹಾಡಬೇಕು. ಇದ್ದರೆ ಸುಮ್ಮನಿರಬೇಕು. ಅವಳು ಹಾಡುವುದು ಒಂದೇ ಸಲ. ಉತ್ತರ ಬರಲಿಲ್ಲ ಅಂದರೆ ಹಿಂದಿರುಗಿ, ಒಂದು ಸುತ್ತು ಹಾಕಿ ಬರಬೇಕು. ಅದು ಕರಾರು.

“ಎಷ್ಟು ಸಲ ಹಾಡಿದೀನೋ ಲೆಕ್ಕ ಇಲ್ಲ. ನನ್ನ ಪಾಲು ಎರಡನೇ ಸಾಲು. ಅದೇ ಅಭ್ಯಾಸ ಉಳೀತು ನೋಡು.”

ಆಮೇಲೆ ಅವಳು ಎಕ್ಸ್‌ಚೇಂಜಿನ ಲೈನ್‌ಮನ್ ಒಬ್ಬನನ್ನು ಮೆಚ್ಚಿಕೊಂಡಳು. ಅಪ್ಪನಿಗೆ ತಿಳಿದು, ಅವನನ್ನು ಮದುವೆಯಾಗುವುದಾದರೆ ಈ ಮನೆ ಮರೆತುಬಿಡು ಅಂದರು. ಬೇಸಿಗೆ ರಜೆ ಮುಗಿಯುವ ಹೊತ್ತು. ಇವರಿಗೆ ಹನ್ನೊಂದು ವರ್ಷ. ಅಕ್ಕ ತನ್ನನ್ನು ಬಿಟ್ಟು ಹೋಗುತ್ತಾಳೆ ಅಂತ ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಇಡೀ ದಿನ ಸಿಟ್ಟಿನಿಂದ ಊಟ ಬಿಟ್ಟರು. ಸಂಜೆ ಅವಳು ಹಿತ್ತಲ ಗೇಟಿಗೆ ಬಂದು ಹಾಡಿದಳು.

“ಅಪ್ಪ ಮನೇಲೇ ಇರಲಿಲ್ಲ ಕಣಮ್ಮ. ಸೈಕಲ್ ತಗೊಂಡು ಯಾರದೋ ಮನೆಗೆ ಹೋಗಿದ್ರು. ಬಾಗಿಲಿಗೆ ಅಗುಳಿ ಹಾಕಿರಲಿಲ್ಲ, ದೀಪ ಉರೀತಿತ್ತು. ನಾನು ಅಡುಗೆಮನೇಲಿ ಪುಸ್ತಕ ಹಿಡ್ಕೊಂಡು ಕೂತಿದ್ದೆ. ಬೇಕೂಂತಲೇ ಬಾಯಿ ಬಿಡಲಿಲ್ಲ. ಹೋಗೋಳು ಹೋಗಲಿ ಅಂತ. ಅವಳು ಮತ್ತೆ ಹಾಡಿದಳು. ಮತ್ತೂ ಒಂದ್ಸಲ ಹಾಡಿದಳು. ಮೂರು ಸಲ. ಕರಾರು ಮುರಿದು ಮೂರು ಸಲ ಯಾಕೆ ಹಾಡಿದಳು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಗೇಟಿನ ಸದ್ದಾಯ್ತು. ಓಡಿ ಹೋಗಿ ನೋಡಿದೆ, ಬೀದಿ ತಿರುವಿನಲ್ಲೂ ಇರಲಿಲ್ಲ.”

ಅಕ್ಕ ಮದುವೆಯಾಗಿ ದೂರದ ಊರಿಗೆ ಹೋದಳು. ಬಂದ ಕಾಗದಗಳನ್ನು ಅಪ್ಪ ಒಡೆಯದೆ ವಾಪಸ್ ಕಳಿಸಿದರು. ಇವರು ದೊಡ್ಡವರಾದ ಮೇಲೆ ಎಕ್ಸ್‌ಚೇಂಜಿಗೆ ಹೋಗಿ ವಿಚಾರಿಸಿದರೆ ವರ್ಗವಾಗಿದೆ ಅಂದರು. ಆ ಊರಿಗೆ ಹೋದರೆ ಅಲ್ಲಿ ತಾನಾಗಿಯೇ ಜೋಡಿಸುವ ಯಂತ್ರ ಬಂದು ಆಪರೇಟರುಗಳೆಲ್ಲ ಚದುರಿಹೋಗಿದ್ದರು. ಇಂಟರ್‌ನೆಟ್ ಬಂದಾಗ, ಹೆಸರು ಹುಡುಕಿ ಸಿಗದಿದ್ದಾಗ, ತಾವು ಅಂದು ಕೊಡದ ಉತ್ತರವನ್ನು ಎಲ್ಲರಿಗೂ ಕಾಣುವ ಕಡೆ ವರ್ಷಕ್ಕೊಮ್ಮೆ ಬರೆದಿಡಲು ಶುರು ಮಾಡಿದರು, ಅದೇ ತಾರೀಖಿಗೆ. ನಾವು ನಲವತ್ತು ಜನ ಅದಕ್ಕೆ ನಕ್ಕೆವು. ಅವಳ ಉತ್ತರ ಬಂದಾಗ ನಾನು ತಡೆದೆ.

“ಒಂಬತ್ತು ವರ್ಷ” ಅಂದರು. “ಈಗ ಅವಳಿಗೆ ಅರವತ್ತೆಂಟು. ಇದ್ದರೆ.”

“ಸಾರ್, ಮುಟ್ಟಿ ನೋಡೋವರೆಗೂ ಯಾವುದೂ ಸತ್ತಿಲ್ಲ ಅಂತ ನೀವೇ ಹೇಳಿದ್ದು.”

ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಫೋನ್ ತೆಗೆದು ನನ್ನ ಕೈಗೇ ಕೊಟ್ಟರು. ಹೊರಗೆ ಹೋಗೋಣ ಅಂದರೆ ಕದಲಲಿಲ್ಲ. ನಾನೇ ನಂಬರ್ ಒತ್ತಿ, ಫ್ಯಾನಿನ ಸದ್ದಿನಲ್ಲಿ ಕೇಳಿಸಲಿ ಅಂತ ಸ್ಪೀಕರ್ ಹಾಕಿ, ಇಬ್ಬರ ಕಿವಿಗೂ ತಾಗುವಂತೆ ನಡುವೆ ಹಿಡಿದೆ. ಬಹಳ ಹೊತ್ತು ಗಂಟೆ ಬಾರಿಸಿತು. ಒಬ್ಬ ಹೆಂಗಸು ಎತ್ತಿಕೊಂಡಳು. ನಾನು ಯಾರು, ಎಲ್ಲಿಂದ, ಯಾವ ಮೇಲ್‌ಗೆ ಉತ್ತರ ಕೊಡುತ್ತಿದ್ದೇನೆ ಅಂತ ಹೇಳಿದೆ.

“ಅಮ್ಮ ಇಲ್ಲೇ ಇದಾರೆ” ಅಂದಳು ಆಕೆ. “ಎಕ್ಸ್‌ಚೇಂಜಿನ ಕೆಲಸದಲ್ಲಿ ಕಿವಿ ಹೋಗಿದೆ. ಜೋರಾಗಿ ಮಾತಾಡಿ, ಇಲ್ಲದಿದ್ರೆ ಏನೂ ಕೇಳಿಸೋದಿಲ್ಲ.”

ಫೋನ್ ಕೈ ಬದಲಾಯಿಸಿದ ಸದ್ದು. “ಹಲೋ, ಯಾರು?” ಅಂತ ವಯಸ್ಸಾದ ದನಿ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿ, ಸ್ಪಷ್ಟ. ಎರಡನೇ ಸಾಲಿನವರು ಬಾಯಿ ತೆರೆದರು. ಮಾತು ಹೊರಡಲಿಲ್ಲ. ನಾನು ಮೊಣಕೈಯಿಂದ ತಿವಿದೆ. ಆದರೂ ಹೊರಡಲಿಲ್ಲ. “ಹಲೋ” ಅಂತ ಇನ್ನೊಂದು ಸಲ ಬಂತು. ಆಮೇಲೆ ಫೋನಿನಿಂದ ಮುಖ ತಿರುಗಿಸಿ ಮಗಳಿಗೆ ಹೇಳಿದ್ದು ಕೇಳಿಸಿತು: “ಬರೀ ಗಾಳಿ ಸದ್ದು ಕಣೇ. ಯಾರೂ ಇಲ್ಲ. ಇಡ್ತೀನಿ.”

ಆಗ ಅವರು ಕೂಗಿದರು. ರಾಗವಿಲ್ಲ, ತಾಳವಿಲ್ಲ, ಯಂತ್ರದ ಕೋಣೆಯಲ್ಲಿ ಮೂವತ್ತು ವರ್ಷ ಕಿರುಚಿ ಕಿರುಚಿ ಒರಟಾದ ಗಂಟಲಿನಲ್ಲಿ, ಇಡೀ ನೆಲಮಾಳಿಗೆಗೆ ಕೇಳುವ ಹಾಗೆ: “ಅಗುಳಿ ಹಾಕಿಲ್ಲ, ದೀಪ ಆರಿಲ್ಲ, ಮೆಲ್ಲಗೆ ಬಾ ಒಳಗೆ.”

ಕರೆ ಕಡಿಯಿತೇನೋ ಅಂತ ನಾನು ಪರದೆ ನೋಡಿದೆ, ಕಡಿದಿರಲಿಲ್ಲ. ಆಮೇಲೆ ಆ ದನಿ ಬಹಳ ಮೆತ್ತಗೆ, ಪಕ್ಕದ ಕೋಣೆಗೆ ಕೇಳಿಸಬಾರದು ಅನ್ನುವ ಹಾಗೆ ಕೇಳಿತು:

“ಅಪ್ಪ ಇಲ್ವೇನೋ?”

“ಇಲ್ಲ ಅಕ್ಕ” ಅಂದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಅವತ್ತೂ ಇರಲಿಲ್ಲ.”

ಇದನ್ನೂ ಕೂಗಿಯೇ ಹೇಳಿದ್ದರು. ಅಕ್ಕನಿಗೆ ಕೇಳಿಸಿತು.

“ಗೊತ್ತಿತ್ತು ಕಣೋ. ಗೋಡೆಗೆ ಸೈಕಲ್ ಒರಗಿಸಿರಲಿಲ್ಲವಲ್ಲ. ನೀನು ಹಾಡಲಿ ಅಂತಲೇ ಮೂರು ಸಲ ಹಾಡಿದೆ.”